ಬಳಗಾನೂರು ಅಯ್ಯನವರ ಹೊಟ್ಟೆ

ಬಳಗಾನೂರಿನ ಕರಿಬಸಯ್ಯನ ಉದ್ಯೋಗ ಏನು ಎಂದು ಪರಸ್ಥಳದವರು ಯಾರಾದರೂ ಕೇಳಿದರೆ ಊರಿನವರು ಒಂದು ಗಳಿಗೆ ಯೋಚಿಸಿ, ಉಣ್ಣುವುದು ಎನ್ನುತ್ತಿದ್ದರು. ಅದರಲ್ಲಿ ಚೇಷ್ಟೆ ಇರಲಿಲ್ಲ. ಅವನದು ಮಠಪತಿ ಅಯ್ಯಗಳ ಮನೆತನ. ಕೂಸಿಗೆ ಲಿಂಗ ಕಟ್ಟಲು, ಹೊಸ ಮನೆ ಹೊಗಲು, ಸತ್ತವರನ್ನು ಮಣ್ಣು ಮಾಡಲು ಸುತ್ತಲಿನ ಲಿಂಗಾಯತ ಮನೆಗಳಿಗೆ ಅವನೇ ಹೋಗಬೇಕು. ಹೋದಲ್ಲೆಲ್ಲ ಕೊನೆಗೆ ತಟ್ಟೆಯ ಮುಂದೆ ಕೂರಬೇಕು. ಅಯ್ಯ ಹೊಟ್ಟೆತುಂಬ ಉಂಡರೆ ಮನೆಗೆ ಒಳ್ಳೆಯದು. ತೀರಿಕೊಂಡವರ ಹನ್ನೊಂದನೇ ದಿನ ಅಯ್ಯ ಉಂಡರಂತೂ ಹೋದ ಜೀವವೇ ಉಂಡು ತೃಪ್ತಿಪಟ್ಟ ಹಾಗೆ. ಹೀಗೆಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ಶಿವನಿಗೇ ಗೊತ್ತು. ಜನ ನಂಬಿದ್ದರು, ಕರಿಬಸಯ್ಯನೂ ನಂಬಿದ್ದ.

ಅವನ ಅಪ್ಪನೂ ಇದೇ ಕೆಲಸ ಮಾಡಿದವನು, ಆದರೆ ಸಣಕಲ. ಆಗ ಕಾಲುವೆ ಇರಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಬಹಳವಾದರೆ ಒಂದು ಚೂರು ಬೆಲ್ಲ. ಅದನ್ನು ಉಂಡು ಆರು ಮೈಲಿ ನಡೆದು ಮನೆ ಮುಟ್ಟುವಷ್ಟರಲ್ಲಿ ಮತ್ತೆ ಹಸಿವಾಗುತ್ತಿತ್ತು. ತುಂಗಭದ್ರೆಯ ಎಡದಂಡೆ ಕಾಲುವೆ ಬಂದು ಭತ್ತ ಬೆಳೆಯತೊಡಗಿದ ಮೇಲೆ ಊಟದ ರೀತಿಯೇ ಬದಲಾಯಿತು. ಬಿಳಿ ಅನ್ನ, ಹೋಳಿಗೆ, ಹೋಳಿಗೆ ಮುಳುಗುವಷ್ಟು ತುಪ್ಪ. ನಡೆಯುವುದೂ ತಪ್ಪಿತು. ಒಬ್ಬರು ಮೋಟಾರ್ ಸೈಕಲ್ ಮೇಲೆ ಕರೆದೊಯ್ದು ಉಣ್ಣಿಸಿದರೆ ಇನ್ನೊಬ್ಬರು ತಂದು ಬಿಡುತ್ತಿದ್ದರು. ಕಾಲುವೆಯ ನೀರು ಹೊಲಕ್ಕೆ ಹೋಯಿತು, ಹೊಲದ್ದೆಲ್ಲ ಕರಿಬಸಯ್ಯನ ಹೊಟ್ಟೆಗೆ ಬಂತು.

ಎಂಬತ್ತೈದನೇ ಇಸವಿಯ ಹೊತ್ತಿಗೆ, ಅವನಿಗೆ ಮೂವತ್ತೈದು ವಯಸ್ಸಾದಾಗ, ನಮ್ಮ ಅಯ್ಯನವರು ಹೇಗಿದ್ದಾರೆ ನೋಡು ಎಂದು ಜನ ಹೆಮ್ಮೆಪಡುವಂಥ ಮೈ ಬಂದಿತ್ತು. ತೊಂಬತ್ತು ದಾಟಿದ ಮೇಲೆ ಆ ಹೆಮ್ಮೆ ಅವನ ಮೊಣಕಾಲಿಗೆ ಭಾರವಾಯಿತು. ಸಕ್ಕರೆ ಕಾಯಿಲೆ ಹತ್ತಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಹಾಗಾಗಿ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ. ಕಡಿಮೆ ಉಣ್ಣಬೇಕು ಎಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಸಾಕು ಎಂದು ತಟ್ಟೆಗೆ ಕೈ ಅಡ್ಡ ಹಿಡಿದರೆ ಮನೆಯೊಡತಿ ಆ ಕೈಯ ಮೇಲೇ ತುಪ್ಪ ಸುರಿಯುತ್ತಿದ್ದಳು. ಬಡಿಸಿದ್ದನ್ನು ಲಿಂಗಕ್ಕೆ ತೋರಿಸಿದ ಮೇಲೆ ಅದು ಪ್ರಸಾದ. ಪ್ರಸಾದದ ಒಂದು ಅಗುಳೂ ಉಳಿಯಬಾರದು, ತಟ್ಟೆ ತೊಳೆದ ನೀರನ್ನೂ ಕುಡಿದೇ ಏಳಬೇಕು. ಶ್ರಾವಣದಲ್ಲಿ ದಿನಕ್ಕೆ ಮೂರು ಮನೆ. ಮೂರನೆಯ ಮನೆಯಲ್ಲಿ ಒಲ್ಲೆ ಎಂದರೆ, ಅವರ ಮನೆಯಲ್ಲಿ ಉಂಡಿರಿ, ನಮ್ಮದೇನು ಕಡಿಮೆ ಎಂದು ಕಣ್ಣಲ್ಲಿ ನೀರು ತರುತ್ತಿದ್ದರು. ಅವನು ಉಣ್ಣುತ್ತಿದ್ದ.

ತೊಂಬತ್ತೈದರ ಬೇಸಿಗೆಯಲ್ಲಿ ವಳಕಮದಿನ್ನಿಯ ಒಬ್ಬ ಮುದುಕ ತೀರಿಕೊಂಡ. ಲಿಂಗಾಯತರಲ್ಲಿ ಹೆಣವನ್ನು ಕೂಡಿಸಿ ಮಣ್ಣು ಮಾಡುತ್ತಾರೆ. ಕುಣಿಯ ಒಂದು ಮಗ್ಗುಲಿಗೆ ಗೂಡು ತೋಡಿರುತ್ತಾರೆ. ಅಯ್ಯ ಕೆಳಗಿಳಿದು, ಹೆಣವನ್ನು ಗೂಡಿನಲ್ಲಿ ಕೂಡಿಸಿ, ವಿಭೂತಿ, ಪತ್ರಿ ಇಟ್ಟು, ಮಂತ್ರ ಹೇಳಿ ಮೇಲೆ ಬರಬೇಕು. ಕರಿಬಸಯ್ಯ ಹೇಗೋ ಇಳಿದ. ಎಲ್ಲ ಮುಗಿಸಿ ಏಳಹೋದರೆ ಮೊಣಕಾಲು ಕೇಳಲಿಲ್ಲ. ಹತ್ತಲು ಕಡಿದಿದ್ದ ಮೆಟ್ಟಿಲು ಅವನ ಭಾರಕ್ಕೆ ಕುಸಿದು ಬಿತ್ತು. ಬಂಡಿಯ ಹಗ್ಗ ತರಲು ಊರಿಗೆ ಆಳು ಓಡಿತು. ಅಲ್ಲಿಯವರೆಗೆ ಅವನು ಕುಣಿಯೊಳಗೆ ಹೆಣಕ್ಕೆ ಎದುರಾಗಿ ಕೂತಿದ್ದ. ಮೇಲೆ ಸತ್ತವನ ಮಗ ಹಿಡಿ ಮಣ್ಣು ಹಿಡಿದು, ಹಾಕಲೂ ಆಗದೆ ಬಿಡಲೂ ಆಗದೆ ನಿಂತಿದ್ದ. ಯಾವುದೋ ಹುಡುಗಿ ಕಿಸಕ್ಕೆಂದು ನಕ್ಕಳು, ಅವಳ ತಾಯಿ ಬಾಯಿ ಮುಚ್ಚಿಸಿದಳು. ಆರು ಜನ ಕಂಕುಳಿಗೆ ಹಗ್ಗ ಹಾಕಿ ಎಳೆದು ಅವನನ್ನು ಮೇಲೆ ತಂದರು. ಆ ಅರ್ಧ ತಾಸಿನಲ್ಲಿ ಕರಿಬಸಯ್ಯನಿಗೆ ಅನ್ನಿಸಿದ್ದು ಒಂದೇ, ಇವರು ನನ್ನ ಮೇಲೂ ಮಣ್ಣು ಎಳೆದುಬಿಟ್ಟರೆ ಚೆನ್ನಾಗಿತ್ತು ಎಂದು.

ಸಿಂಧನೂರಿನಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ದೊಡ್ಡಬಸಪ್ಪ ಈ ಮನೆತನದ ಹಳೆಯ ಶಿಷ್ಯ. ಸುದ್ದಿ ಕೇಳಿ ಅವನೇ ಬಂದು ಅಯ್ಯನನ್ನು ಜೀಪಿನಲ್ಲಿ ಕೂರಿಸಿಕೊಂಡು ಸಿಂಧನೂರಿನ ಡಾಕ್ಟರ ಹತ್ತಿರ ಕರೆದೊಯ್ದ. ಡಾಕ್ಟರು ಕಾಲುವೆಯ ಬೇಸಾಯಕ್ಕೆಂದು ಆಂಧ್ರದಿಂದ ಬಂದು ಕ್ಯಾಂಪಿನಲ್ಲಿ ನೆಲೆಸಿದ ಮನೆಯವರು. ಅವರ ತೂಕದ ಯಂತ್ರದ ಮುಳ್ಳು ನೂರಾ ಇಪ್ಪತ್ತಕ್ಕೆ ಹೋಗಿ ನಿಂತುಬಿಟ್ಟಿತು. ಸರಿಯಾದ ತೂಕ ಬೇಕು ಎಂದರು. ಗಿರಣಿಯಲ್ಲಿ ಭತ್ತದ ಚೀಲ ತೂಗುವ ಕಾಟಾ ಇತ್ತಲ್ಲ, ಅದರ ಮೇಲೆ ಅಯ್ಯನನ್ನು ನಿಲ್ಲಿಸಿದರು. ಕಾಟಾ ನೋಡಿಕೊಳ್ಳುವ ಮನುಷ್ಯ ದಾವಲ್‌ಸಾಬ್. ಬೆಳಗಿನಿಂದ ಸಂಜೆಯವರೆಗೆ ಪ್ರತಿ ಚೀಲದ ತೂಕವನ್ನು ರಾಗವಾಗಿ ಕೂಗುವುದೇ ಅವನ ಕೆಲಸ. ಆ ದಿನ ಅವನು ಕೂಗಲಿಲ್ಲ. ಹಮಾಲರನ್ನು ಆಚೆ ಕಳಿಸಿ, ಕಲ್ಲು ಇಟ್ಟು ನೋಡಿ, ದೊಡ್ಡಬಸಪ್ಪನ ಕಿವಿಯಲ್ಲಿ ನೂರಾ ನಲವತ್ತೆಂಟು ಎಂದ. ಕರಿಬಸಯ್ಯನಿಗೆ ಕೇಳಿಸಿತು. ದಾವಲ್‌ಸಾಬನ ಆ ಮರ್ಯಾದೆಗೆ ಅವನಿಗೆ ಅಳು ಬಂತು.

ಹೀಗೇ ಇದ್ದರೆ ಎರಡು ವರ್ಷದ ಮಾತು ಎಂದರು ಡಾಕ್ಟರು. ಹೈದರಾಬಾದಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ವಿದೇಶದಲ್ಲಿ ಕಲಿತು ಬಂದ ಸರ್ಜನ್ ಒಬ್ಬರಿದ್ದಾರೆ, ಹೊಟ್ಟೆಯ ಮೇಲ್ಭಾಗಕ್ಕೆ ಪಿನ್ನು ಹೊಡೆದು ಒಂದು ಸಣ್ಣ ಚೀಲ ಮಾಡುತ್ತಾರೆ, ಆ ಮೇಲೆ ಮನುಷ್ಯ ಎಷ್ಟು ಬಯಸಿದರೂ ನಾಲ್ಕು ಚಮಚೆಗಿಂತ ಹೆಚ್ಚು ಉಣ್ಣಲಾಗದು ಎಂದು ವಿವರಿಸಿದರು. ಖರ್ಚಿನ ಮಾತು ನನಗೆ ಬಿಡಿ, ಅಯ್ಯನವರು ಬದುಕಬೇಕು ಎಂದ ದೊಡ್ಡಬಸಪ್ಪ. ಕರಿಬಸಯ್ಯ ಹೂಂ ಎಂದುಬಿಟ್ಟ. ಕುಣಿಯಿಂದ ಬಂದವನಿಗೆ ಏನು ಕೇಳಿದರೂ ಹೂಂ ಎನ್ನುವುದೇ ಆಗಿತ್ತು.

ಮನೆಯಲ್ಲಿ ಹೆಂಡತಿ ಬಸವಣ್ಣೆಮ್ಮ ಎಲ್ಲವನ್ನೂ ಸುಮ್ಮನೆ ಕೇಳಿಸಿಕೊಂಡಳು. ಮಾತು ಕಡಿಮೆಯ ಹೆಂಗಸು. ಇದ್ದ ಒಬ್ಬ ಮಗಳನ್ನು ಲಿಂಗಸುಗೂರಿಗೆ ಕೊಟ್ಟ ಮೇಲೆ ಇನ್ನೂ ಕಡಿಮೆಯಾಗಿತ್ತು. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು.

"ಹೊಟ್ಟಿ ಸಣ್ಣದು ಮಾಡಿಸಿಕೊಂಡ ಮ್ಯಾಲ ಮಂದಿ ಮನ್ಯಾಗ ಉಣ್ಣೂದು ಹ್ಯಾಂಗ್ರೀ?"

ಮೊದಲು ಜೀವ ಉಳಿಯಲಿ, ಆಮೇಲೆ ನೋಡೋಣ ಎಂದ ಕರಿಬಸಯ್ಯ. ಇಡೀ ಪ್ರಕರಣದಲ್ಲಿ ಕೇಳಬೇಕಾದ್ದನ್ನು ಕೇಳಿದವಳು ಅವಳೊಬ್ಬಳೇ. ಅದಕ್ಕೆ ಉತ್ತರ ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ.

ಆಪರೇಷನ್ನಿಗೆ ಮುಂಚೆ ಒಂದು ತಿಂಗಳು ಬರೀ ಗಂಜಿ ಮೇಲೆ ಇದ್ದು ಹತ್ತು ಕಿಲೋ ಇಳಿಸಿಕೊಂಡು ಬನ್ನಿ ಎಂದು ಹೈದರಾಬಾದಿನವರು ಹೇಳಿ ಕಳಿಸಿದ್ದರು. ತಿಂಗಳು ಪೂರ್ತಿ ಯಾರ ಮನೆಯಲ್ಲೂ ಉಣ್ಣದಿರಲು ಒಂದು ನೆಪ ಬೇಕಾಯಿತು. ಅಯ್ಯನವರು ಅನುಷ್ಠಾನಕ್ಕೆ ಕೂತಿದ್ದಾರೆ ಎಂದು ದೊಡ್ಡಬಸಪ್ಪನೇ ಹಬ್ಬಿಸಿದ. ಮುಗಿಯಿತಲ್ಲ. ಅನುಷ್ಠಾನದ ಅಯ್ಯನ ಪಾದಕ್ಕೆ ಬೀಳಲು ಸುತ್ತಲಿನ ಹಳ್ಳಿಗಳಿಂದ ಜನ ಬರತೊಡಗಿದರು, ಬಂದವರು ಬರಿಗೈಯಲ್ಲಿ ಬರಲಿಲ್ಲ. ಅನ್ನ ಬಿಟ್ಟವರಿಗೆ ಹಾಲಾದರೂ ಬೇಕಲ್ಲವೇ? ಬದಾಮಿ ಅರೆದು ಹಾಕಿದ ಗಟ್ಟಿ ಎಮ್ಮೆಹಾಲು ಚೊಂಬುಗಟ್ಟಲೆ ಬಂತು. ಕುಡಿಯುವವರೆಗೆ ಭಕ್ತರು ಎದ್ದು ಹೋಗುತ್ತಿರಲಿಲ್ಲ. ಹದಿನೈದು ದಿನಕ್ಕೆ ಗಿರಣಿಯ ಕಾಟಾದ ಮೇಲೆ ನಿಂತರೆ ದಾವಲ್‌ಸಾಬ್ ಮುಖ ಸಣ್ಣದು ಮಾಡಿ ಎರಡು ಕಿಲೋ ಏರಿದೆ ಎಂದ. ಆ ದಿನದಿಂದ ಬಸವಣ್ಣೆಮ್ಮ, ಈಗ ಮೌನ ಹಿಡಿದಿದ್ದಾರೆ, ದರ್ಶನವಿಲ್ಲ ಎಂದು ಬಾಗಿಲು ಹಾಕಿ, ಹಾಲನ್ನು ಹೊರಗಿನಿಂದಲೇ ಇಸಿದುಕೊಂಡು ಓಣಿಯ ಬಾಣಂತಿಯರಿಗೆ ಹಂಚಿದಳು. ಒಳಗೆ ಕರಿಬಸಯ್ಯ ಗಂಜಿ ಕುಡಿಯುತ್ತ, ಸುಳ್ಳು ಅನುಷ್ಠಾನದ ಪಾಪ ಯಾವ ಜನ್ಮಕ್ಕೆ ತೀರುತ್ತದೋ ಎಂದು ಹೆದರುತ್ತಿದ್ದ.

ತೊಂಬತ್ತಾರರ ಚಳಿಗಾಲದಲ್ಲಿ ಹೈದರಾಬಾದಿಗೆ ಹೋದರು. ಜೊತೆಗೆ ದೊಡ್ಡಬಸಪ್ಪನ ಮಗ ಪಂಪಾಪತಿ ಬಂದಿದ್ದ, ಓದಿದವನು. ಆಸ್ಪತ್ರೆಯ ಫಾರ್ಮಿನಲ್ಲಿ ಉದ್ಯೋಗ ಎಂಬ ಜಾಗಕ್ಕೆ ಬಂದು ಅವನು ಕರಿಬಸಯ್ಯನ ಮುಖ ನೋಡಿದ. ಕರಿಬಸಯ್ಯನಿಗೆ ನಾಚಿಕೆಯಾಯಿತು. ವಿದೇಶ ಕಂಡು ಬಂದ ಸರ್ಜನ್ ಮುಂದೆ, ನಾನು ಉಣ್ಣುವುದನ್ನೇ ಕೆಲಸ ಮಾಡಿಕೊಂಡವನು ಎಂದು ಹೇಗೆ ಹೇಳುವುದು? ಹೆಸರಿಗೆ ಎರಡು ಎಕರೆ ಹೊಲವಿತ್ತು. ಒಕ್ಕಲುತನ ಅಂತ ಬರಿ ಎಂದ. ಸರ್ಜನ್ ತೆಲುಗಿನಲ್ಲಿ ನಿಧಾನವಾಗಿ ವಿವರಿಸಿದರು: ಸಣ್ಣ ತುತ್ತು, ಒಂದೊಂದನ್ನೂ ಮೂವತ್ತು ಸಲ ಅಗಿಯಬೇಕು, ಊಟದ ಜೊತೆ ನೀರು ಕೂಡದು, ಹೊಟ್ಟೆ ಸಾಕು ಎಂದಾಗ ತಟ್ಟೆಯಲ್ಲಿ ಎಷ್ಟೇ ಇರಲಿ ಬಿಟ್ಟು ಏಳಬೇಕು. ಮನೆಯಲ್ಲೇ ಉಣ್ಣುತ್ತೀರಿ ತಾನೇ ಎಂದೂ ಕೇಳಿದರು. ಕರಿಬಸಯ್ಯ ತಲೆಯಾಡಿಸಿದ. ಪಂಪಾಪತಿ ಏನೋ ಹೇಳಲು ಬಾಯಿ ತೆರೆದವನು ಅಯ್ಯನವರ ಮುಖ ನೋಡಿ ಸುಮ್ಮನಾದ.

ಆಪರೇಷನ್ನಿನ ದಿನ ಕೊರಳಿನ ಲಿಂಗ ತೆಗೆಯಿರಿ ಎಂದಳು ನರ್ಸ್. ಆಗ ಮಾತ್ರ ಅವನು ಇಲ್ಲ ಎಂದ. ಲಿಂಗ ಮೈ ಬಿಟ್ಟರೆ ಜೀವ ಬಿಟ್ಟಂತೆ. ಕೊಯ್ಯುವುದಾದರೆ ಇದನ್ನು ಇಟ್ಟುಕೊಂಡೇ ಕೊಯ್ಯಿರಿ, ಇಲ್ಲವಾದರೆ ನನ್ನ ಪಾಡಿಗೆ ಬಿಡಿ ಎಂದು ಹಟ ಹಿಡಿದು ಕೂತ. ಒಂದು ತಾಸು ಎಲ್ಲ ನಿಂತುಹೋಯಿತು. ಕೊನೆಗೆ ಸರ್ಜನ್ ಅವರೇ ಬಂದು ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅವನ ಬಲತೋಳಿಗೆ ಕಟ್ಟಿಸಿದರು. ಅಷ್ಟರ ಮಟ್ಟಿಗೆ ಅವನ ಮಾತು ನಡೆಯಿತು. ಅದಾದ ಮೇಲೆ ನಡೆದದ್ದು ಯಾವುದೂ ಅವನ ಕೈಯಲ್ಲಿರಲಿಲ್ಲ.

ಎಚ್ಚರವಾದಾಗ ಎದೆಯಿಂದ ಹೊಕ್ಕುಳವರೆಗೆ ಉರಿ, ಮೂಗಿನಲ್ಲಿ ನಳಿಗೆ. ಮೂರನೆಯ ದಿನ ಒಂದು ಚಮಚೆ ನೀರು ಕೊಟ್ಟರು, ಅದು ಎದೆಯಲ್ಲಿ ನಿಂತು ಇಳಿಯಲು ಹೊತ್ತು ಹಿಡಿಯಿತು. ಹದಿನಾರು ದಿನಕ್ಕೆ ಊರಿಗೆ ಬಂದ. ತಿಂಗಳುಗಟ್ಟಲೆ ಬೇಳೆಯ ತಿಳಿ, ಗಂಜಿಯ ತಿಳಿ, ಆಮೇಲೆ ನುಣ್ಣಗೆ ಕಿವುಚಿದ ಅನ್ನ. ಬಸವಣ್ಣೆಮ್ಮ ಆಸ್ಪತ್ರೆಯವರು ಕೊಟ್ಟ ಸಣ್ಣ ಬಟ್ಟಲಿನಲ್ಲಿ ಅಳೆದು ಕೊಟ್ಟು, ಅವನು ಅಗಿಯುವುದನ್ನು ಎದುರು ಕೂತು ಎಣಿಸುತ್ತಿದ್ದಳು. ಒಂದು ತುತ್ತು ಹೆಚ್ಚಾದರೂ ವಾಂತಿ. ಹೊಟ್ಟೆ ಹಸಿಯುತ್ತಿರಲಿಲ್ಲ, ನಾಲಿಗೆ ಹಸಿಯುತ್ತಿತ್ತು. ಪಕ್ಕದ ಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಚುರ್ ಎಂದರೆ ಅವನಿಗೆ ಕಣ್ಣೀರು ಬರುತ್ತಿತ್ತು. ತಲೆಯ ಕೂದಲು ಉದುರಿತು. ತೋಳಿನ ತೊಗಲು ಜೋತುಬಿತ್ತು. ಆದರೆ ಮಲಗಿದರೆ ಉಸಿರು ಸರಾಗ ಆಡಿತು, ಸಕ್ಕರೆ ಇಳಿಯಿತು, ವರ್ಷ ತುಂಬುವಷ್ಟರಲ್ಲಿ ತೂಕ ತೊಂಬತ್ತಕ್ಕೆ ಬಂತು. ಮಸ್ಕಿಯ ಮಲ್ಲಯ್ಯನ ಗುಡ್ಡವನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿ ಬಂದ ದಿನ ಗಂಡ ಹೆಂಡತಿ ಇಬ್ಬರೂ ಮೆಟ್ಟಿಲ ಮೇಲೆ ಕೂತು ಅತ್ತರು. ಅವರ ಪಾಲಿಗೆ ಅಂಥ ಒಳ್ಳೆಯ ದಿನ ಮತ್ತೆ ಬರಲಿಲ್ಲ.

ಕರೆಗಳು ಬಂದವು, ಅವನು ಹೋದ. ಮೊದಲೇ ಮನೆಯವರನ್ನು ಪಕ್ಕಕ್ಕೆ ಕರೆದು, ಒಂದೇ ಚಮಚೆ ಬಡಿಸಿ ಎಂದು ಕೈಮುಗಿದು ಹೇಳಿಕೊಳ್ಳುತ್ತಿದ್ದ. ಅಯ್ಯ ಕೈಮುಗಿಯುವುದನ್ನು ನೋಡಿ ಅವರು ಗಾಬರಿಯಾಗುತ್ತಿದ್ದರು. ಆ ಒಂದು ಚಮಚೆಗೂ ಅರ್ಧ ತಾಸು ಬೇಕು. ಅಯ್ಯಗಳ ಸಾಲಿನಲ್ಲಿ ಕೊನೆಯವನ ಊಟ ಮುಗಿಯುವವರೆಗೆ ಯಾರೂ ಏಳುವಂತಿಲ್ಲ. ಗುರುಗುಂಟಾದ ಅಮರಯ್ಯ, ಅವನ ದೊಡ್ಡಪ್ಪನ ಮಗ, ಹತ್ತು ಹೋಳಿಗೆ ಉಂಡು, ತಟ್ಟೆ ತೊಳೆದು ಕುಡಿದು, ಒಣಗಿದ ಕೈ ಹಿಡಿದುಕೊಂಡು ಕೂತಿರುತ್ತಿದ್ದ. ಇನ್ನುಳಿದವರೂ ಹಾಗೇ. ಎರಡನೆಯ ಪಂಕ್ತಿಯವರು ಬಾಗಿಲಲ್ಲಿ ನಿಂತಿರುತ್ತಿದ್ದರು. ಎಲ್ಲರ ಕಣ್ಣೂ ಕರಿಬಸಯ್ಯನ ದವಡೆಯ ಮೇಲೆ. ಸಾವಕಾಶ ಉಣ್ಣು ತಮ್ಮಾ ಎನ್ನುತ್ತಿದ್ದ ಅಮರಯ್ಯ, ಒಳ್ಳೆಯ ಮನುಷ್ಯ. ಆ ಒಳ್ಳೆಯತನವೇ ಕರಿಬಸಯ್ಯನಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಮೊದಲು ಅವನ ತಟ್ಟೆಯಿಂದ ಒಂದು ತುತ್ತು ಪ್ರಸಾದಕ್ಕೆ ಕೈಯೊಡ್ಡುತ್ತಿದ್ದ ಮುದುಕಿಯರು ಈಗ ಒಡ್ಡುತ್ತಿರಲಿಲ್ಲ. ಅಯ್ಯನಿಗೆ ಏನೋ ಹೊಟ್ಟೆರೋಗ ಎಂದು ಮಾತಾಗಿತ್ತು.

ತೊಂಬತ್ತೆಂಟರಲ್ಲಿ ಬಳಗಾನೂರಿನಲ್ಲೇ ಪಂಪಮ್ಮ ಎಂಬವಳ ಮಗಳು ಹೆರಿಗೆಯಲ್ಲಿ ತೀರಿಕೊಂಡಳು. ಹನ್ನೊಂದನೇ ದಿನದ ಊಟಕ್ಕೆ ಪಂಪಮ್ಮ ಮಗಳಿಗೆ ಪ್ರೀತಿಯ ಶೇಂಗಾ ಹೋಳಿಗೆ ಮಾಡಿದ್ದಳು. ಕರಿಬಸಯ್ಯ ಮೊದಲೇ ಹೇಳಿಕೊಂಡಿದ್ದ, ಅವಳು ಹೂಂ ಎಂದೂ ಇದ್ದಳು. ಆದರೆ ಬಡಿಸುತ್ತ ಬಂದವಳಿಗೆ ಏನಾಯಿತೋ, ಅವನ ತಟ್ಟೆಗೆ ಎರಡು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದು, ಎದುರಿಗೇ ಕೂತುಬಿಟ್ಟಳು. ಅವನು ಕೈ ಅಡ್ಡ ಹಿಡಿಯಲಿಲ್ಲ. ಹಿಡಿಯಬೇಕಿತ್ತು ಎಂದು ಆಮೇಲೆ ಎಷ್ಟು ಸಲ ಅಂದುಕೊಂಡನೋ. ತಟ್ಟೆಯಲ್ಲಿ ಬಿಡುವಂತಿಲ್ಲ, ಆ ತಾಯಿಯ ಮುಖ ನೋಡುವಂತಿಲ್ಲ. ಎರಡೂ ಹೋಳಿಗೆ ಉಂಡ, ತಟ್ಟೆ ತೊಳೆದ ನೀರು ಕುಡಿದ. ಎದೆ ಬಿಗಿಯಿತು, ಬೆವರು ಕಿತ್ತು ಬಂತು. ಸಾಲು ಏಳುವವರೆಗೂ ಹಲ್ಲು ಕಚ್ಚಿ ಕೂತಿದ್ದು, ಎದ್ದೊಡನೆ ಕೊಟ್ಟಿಗೆಯ ಹಿಂದೆ ಓಡಿ ಎಲ್ಲವನ್ನೂ ಕಾರಿಕೊಂಡ. ತಿರುಗಿ ನೋಡಿದರೆ ನೀರಿನ ಚೊಂಬು ಹಿಡಿದು ಪಂಪಮ್ಮ ನಿಂತಿದ್ದಳು. ಅವಳು ಬೈಯಲಿಲ್ಲ.

"ನನ್ನ ಮಗಳು ಕೊನೀಗೂ ಉಣ್ಣಲಿಲ್ಲ ಬಿಡ್ರಿ, ಅಯ್ಯನೋರ," ಎಂದಳು. ಚೊಂಬು ಅವನ ಕೈಗೆ ಕೊಟ್ಟು ಒಳಗೆ ಹೋದಳು.

ಅದರ ನಂತರ ಅವನನ್ನು ಊಟಕ್ಕೆ ಕರೆಯುವವರು ಕಡಿಮೆಯಾದರು. ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ. ಕೂಸಿಗೆ ಲಿಂಗ ಕಟ್ಟಲು ಅವನನ್ನೇ ಕರೆಯುತ್ತಿದ್ದರು. ಮಣ್ಣು ಮಾಡಲಂತೂ ಅವನೇ ಬೇಕು. ಈಗ ಎಷ್ಟು ಆಳದ ಕುಣಿಯಾದರೂ ಸರ್ರನೆ ಇಳಿದು ಹತ್ತುತ್ತಿದ್ದ. ಹನ್ನೊಂದನೇ ದಿನ ಮಾತ್ರ ಗುರುಗುಂಟಾಕ್ಕೆ ಮೋಟಾರ್ ಸೈಕಲ್ ಹೋಗುತ್ತಿತ್ತು. ಅಮರಯ್ಯ ವಾರಕ್ಕೆ ಎರಡು ಸಲ ಬಳಗಾನೂರಿಗೆ ಬರತೊಡಗಿದ. ಅವನ ಮೈಯೂ ತುಂಬುತ್ತಿತ್ತು. ಕರಿಬಸಯ್ಯನ ಮನೆಯ ಮುಂದೆ ಹಾಯುವಾಗ ಅವನು ಇಳಿದು, ಮಾತಾಡಿಸಿ, ತಲೆ ತಗ್ಗಿಸಿ ಹೋಗುತ್ತಿದ್ದ. ಮಲಗಿದರೆ ಉಸಿರು ಕಟ್ಟುತ್ತದೆಯೇ ಎಂದು ಅವನನ್ನು ಕೇಳಬೇಕೆಂದು ಕರಿಬಸಯ್ಯನಿಗೆ ಅನ್ನಿಸುತ್ತಿತ್ತು. ಕೇಳಿ ಏನು ಹೇಳುವುದೆಂದು ತಿಳಿಯದೆ ಬಿಟ್ಟುಬಿಡುತ್ತಿದ್ದ.

ತೊಂಬತ್ತೊಂಬತ್ತರ ಮಾಘದಲ್ಲಿ ದೊಡ್ಡಬಸಪ್ಪ ತೀರಿಕೊಂಡ. ಗಿರಣಿಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡು ಒರಗಿದನಂತೆ. ಕರಿಬಸಯ್ಯ ಕುಣಿಗಿಳಿದು, ತನ್ನನ್ನು ಬದುಕಿಸಿದ ಮನುಷ್ಯನನ್ನು ಗೂಡಿನಲ್ಲಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿದ. ಇವನ ದಿವಸದ ಊಟ ಮಾತ್ರ ನಾನು ಉಣ್ಣುತ್ತೇನೆ, ಪ್ರಾಣ ಹೋದರೂ ಉಣ್ಣುತ್ತೇನೆ ಎಂದು ಅಲ್ಲೇ ಗಟ್ಟಿ ಮಾಡಿಕೊಂಡ. ಮನೆಗೆ ಬಂದು ಹೆಂಡತಿಗೂ ಹೇಳಿದ. ಒಂದು ವಾರ ತುತ್ತು ದೊಡ್ಡದು ಮಾಡಿ ರೂಢಿ ಮಾಡಿಕೊಳ್ಳಲು ನೋಡಿದ, ಪ್ರತಿ ಸಲವೂ ವಾಂತಿಯಾಯಿತು.

ಹತ್ತನೇ ದಿನ ಪಂಪಾಪತಿ ಬಂದ. ಚಪ್ಪಲಿ ಹೊರಗೇ ಬಿಟ್ಟು, ಪಾದಕ್ಕೆ ಬಿದ್ದು ಕೂತ. ಹೈದರಾಬಾದಿನಲ್ಲಿ ಹದಿನಾರು ದಿನ ಅವನೇ ಕರಿಬಸಯ್ಯನ ವಾಂತಿಯ ಬೋಗುಣಿ ಹಿಡಿದಿದ್ದ.

"ಅಯ್ಯನೋರ, ನಾಳೆ ನೀವು ಬಂದು ಮಂತ್ರ ಹೇಳ್ರಿ, ಆಶೀರ್ವಾದ ಮಾಡ್ರಿ," ಎಂದ. "ಸಾಲಿನ್ಯಾಗ ಮಾತ್ರ ಕೂಡಬ್ಯಾಡ್ರಿ. ಅವ್ವ ಹೇಳಿ ಕಳಿಸ್ಯಾಳ. ಅಪ್ಪ ಊಟದ ಮನಿಶಾ ಇದ್ದ, ಅರೆಹೊಟ್ಟ್ಯಾಗ ಹೋಗಬಾರದು ಅಂತಾಳ. ನನಗ ಏನು ಹೇಳಬೇಕೋ ತಿಳಿವಲ್ದು."

ಕರಿಬಸಯ್ಯ ಅವನ ತಲೆಯ ಮೇಲೆ ಕೈಯಿಟ್ಟು, ಅವ್ವ ಹೇಳಿದ್ದು ಸರಿ ಇದೆ, ಅಮರಯ್ಯನನ್ನು ಕರೆಸು ಎಂದ. ಕರೆಸಿದ್ದೇವೆ ಎಂದ ಪಂಪಾಪತಿ. ಅವನು ಅಳುತ್ತಿದ್ದ.

ಮರುದಿನ ಕರಿಬಸಯ್ಯ ಸಿಂಧನೂರಿಗೆ ಹೋಗಿ ಮಂತ್ರ ಹೇಳಿ, ಅಯ್ಯಗಳು ಸಾಲಾಗಿ ಕೂರುವ ಹೊತ್ತಿಗೆ ಎದ್ದು ಬಸ್ಸು ಹತ್ತಿ ಬಂದುಬಿಟ್ಟ. ಬಸವಣ್ಣೆಮ್ಮ ಅಷ್ಟು ವರ್ಷ ಒಳಗಿಟ್ಟುಕೊಂಡದ್ದನ್ನೆಲ್ಲ ಆ ಮಧ್ಯಾಹ್ನ ಹೊರಗೆ ಹಾಕಿದಳು. ಆ ಮನೆಯವರೇ ಮಾಡಿಸಿದ ಆಪರೇಷನ್, ಈಗ ಅವರಿಗೇ ನೀವು ಬೇಡವಾದಿರಿ, ಕುಣಿಗೆ ಇಳಿಸಲು ನೀವು, ಉಣ್ಣಲು ಇನ್ನೊಬ್ಬರು, ಇದು ಯಾವ ನ್ಯಾಯ ಎಂದು ಕೇಳಿದಳು. ಆಮೇಲೆ ಅವನ ಎದುರಿಗೆ ಬಂದು ಕೂತಳು.

"ಒಂದು ಮಾತು ಕೇಳ್ತೀನಿ, ಖರೇ ಹೇಳ್ರಿ. ಮಾವನೋರು ಈಗ ಸತ್ತಿದ್ರ ನೀವು ಯಾರನ್ನ ಉಣ್ಣಾಕ ಕರೀತಿದ್ರಿ? ನಿಮ್ಮಂಥವ್ರನ್ನೋ, ಅಮರಯ್ಯನ್ನೋ?"

ನನ್ನಂಥವರನ್ನೇ ಎಂದುಬಿಟ್ಟರೆ ಅವಳಿಗೆ ಎಷ್ಟು ಸಮಾಧಾನವಾಗುತ್ತಿತ್ತೆಂದು ಅವನಿಗೆ ಗೊತ್ತಿತ್ತು. ತನಗೂ ಆಗುತ್ತಿತ್ತು. ಆದರೆ ಬಾಯಿ ತಿರುಗಲಿಲ್ಲ. ರೊಟ್ಟಿ ಉಂಡು ಆರು ಮೈಲಿ ನಡೆದು ಮತ್ತೆ ಹಸಿದು ಬರುತ್ತಿದ್ದ ಅಪ್ಪ ಅರೆಹೊಟ್ಟೆಯಲ್ಲಿ ಹೋಗುವುದನ್ನು ನೆನೆಯಲು ಅವನಿಂದ ಆಗಲಿಲ್ಲ.

"ಅಮರಯ್ಯನ್ನ," ಎಂದ. "ನಾ ಸತ್ತ ಮ್ಯಾಲೂ ಅವನ್ನ ಕರಸು," ಎಂದ. "ಮೊದಲ ಹೇಳಿ ಕಳಿಸು. ಅವನಿಗೆ ಭಾಳ ಮನಿ ಇರತಾವು."

ಬಸವಣ್ಣೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹೂಂ ಎಂದಳು.